ಕೆಳಗಿನಿಂದ ಓದುತ್ತಿದ್ದ ಸುಜಾತಕ್ಕ

ಸುಜಾತಕ್ಕ ಪತ್ರಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಕಚೇರಿಗೆ ಇಮೇಲ್ ಬಂದರೆ ನಾವೆಲ್ಲ ಒಕ್ಕಣೆ ನೋಡುತ್ತಿದ್ದೆವು. ಅವರು ಮೆನುವಿಗೆ ಹೋಗಿ ‘ಮೆಸೇಜ್ ಸೋರ್ಸ್’ ಒತ್ತುವರು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ, ಅಂಕಿಗಳು ಪರದೆ ತುಂಬುತ್ತಿದ್ದವು. ಪತ್ರ ಯಾವ ಕಂಪ್ಯೂಟರಿನಿಂದ ಹೊರಟಿತು, ಎಷ್ಟು ಹೊತ್ತಿಗೆ, ಯಾವ ಹಾದಿ ಹಿಡಿದು ಬಂತು ಎಂಬುದೆಲ್ಲ ಅಲ್ಲಿರುತ್ತದೆ. ಹೊರಟ ಜಾಗ ಕೆಳಗೆ, ತಲುಪಿದ್ದು ಮೇಲೆ. ಕನ್ನಡಕ ಹಣೆಗೇರಿಸಿ, ಪರದೆಗೆ ಬೆರಳು ತಾಗಿಸಿ ಅವರು ಒಂದೊಂದೇ ಸಾಲು ಹತ್ತುತ್ತಿದ್ದರು.

“ನಮ್ಮಪ್ಪ ಬಬಲೇಶ್ವರದಾಗ ಟಪಾಲು ಹಂಚತಿದ್ದ. ಲಕೋಟಿ ಕೈಗೆ ಬಂದ್ರ ಮೊದಲ ಟಪಾಲ ಕಚೇರಿ ಶಿಕ್ಕಾ ನೋಡಾಂವ, ಯಾವೂರಿಂದು ಅಂತ. ಬರದಾಂವ ಸುಳ್ಳ ಬರೀಬಹುದು, ಶಿಕ್ಕಾ ಹೊಡದಾಂವಗ ಏನ ಬಿದ್ದೈತಿ?” ಎನ್ನುತ್ತಿದ್ದರು.

ವಿಜಯಪುರದ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಅವರು ಹಿರಿಯ ಗುಮಾಸ್ತೆ, ನಾನು ಅವರೆದುರಿನ ಮೇಜಿನವಳು. ಅವರ ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಬುದ್ಧನ ಪಟ. ಊಟಕ್ಕೆ ಕೂತು ಅವರು ಖಡಕ್ ರೊಟ್ಟಿ ಮುರಿದರೆ ಪ್ರಾಂಶುಪಾಲರ ಕೋಣೆಗೂ ಸಪ್ಪಳ ಕೇಳಿಸಬೇಕು. ಒಮ್ಮೆ ಜವಾನನ ಮಗಳಿಗೆ ದೊಡ್ಡ ನೌಕರಿಯ ಪತ್ರ ಬಂದು, ಮೂಲ ಅಂಕಪಟ್ಟಿ ಕಳಿಸಲು ಕೇಳಿದ್ದರು. ಆತ ಪೇಢೆ ಹಂಚುತ್ತಿದ್ದ. ಸುಜಾತಕ್ಕ ಪೇಢೆ ಬಾಯಿಗೆ ಹಾಕಿಕೊಂಡೇ ಸೋರ್ಸ್ ತೆರೆದರು. “ಹೆಸರು ದಿಲ್ಲಿದು ಹಾಕ್ಯಾರ, ಉತ್ತರ ಹೋಗೂದು ಬ್ಯಾರೆ ಯಾರಿಗೋ. ಅಂಕಪಟ್ಟಿ ಪೆಟ್ಟಿಗ್ಯಾಗ ಇಡೋ ತಮ್ಮಾ,” ಎಂದರು. ಆತ ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ.

ಆ ವರ್ಷವೇ ನನ್ನ ಗಂಡ ಟಿಕೋಟಾ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ನನಗೆ ಅಳು ಬರಲಿಲ್ಲ. ಬಂದವರೆಲ್ಲ ಅದಕ್ಕಾಗಿ ಕಾದು ಕೂತು ಎದ್ದುಹೋದರು. ಮಗಳು ಚಿನ್ನಿಯನ್ನು ಕರೆದುಕೊಂಡು ಘೋಣಸಗಿಯ ತವರಿಗೆ ಹೋದೆ. ಅಲ್ಲಿ ಒಂದು ತಿಂಗಳು ಏನು ಉಂಡೆ, ಏನು ಮಾತಾಡಿದೆ, ನೆನಪಿಲ್ಲ.

ರಜೆ ಮುಗಿಸಿ ಬಂದರೆ ಪ್ರಾಂಶುಪಾಲರು ಒಂದು ಹಾಳೆ ಕೈಗಿಟ್ಟರು. ನನ್ನ ರಾಜೀನಾಮೆ. ನನ್ನದೇ ಕಚೇರಿ ವಿಳಾಸದಿಂದ ಬಂದ ಇಮೇಲ್. ಅಂಗೀಕಾರವೂ ಆಗಿತ್ತು. ಹಾಳೆ ಹಿಡಿದು ಸುಜಾತಕ್ಕನ ಎದುರು ನಿಂತೆ.

“ನೀ ಕಳಿಸಿದ್ದೇನು?”

“ಕಳಿಸಿರಬೇಕ್ರಿ ಅಕ್ಕಾ. ನನಗ ಏನೂ ನೆನಪಿಲ್ರಿ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಆ ಇಮೇಲ್ ಹುಡುಕಿ, ಸೋರ್ಸ್ ತೆರೆದು, ಕೆಳಗಿನ ಸಾಲಿಗೆ ಬೆರಳಿಟ್ಟರು.

“ಕಂಪ್ಯೂಟರಿನ ಹೆಸರು ಚಿನ್ನಿ-ಪಿಸಿ ಅಂತೈತಿ.”

“ನನ್ನ ಗಂಡಂದು. ಮಗಳ ಹೆಸರು ಇಟ್ಟಿದ್ದ.”

“ಎಲ್ಲೈತಿ ಅದು?”

“ಇಲ್ಲೇ, ಅತ್ತಿ ಮನ್ಯಾಗ.”

“ಮಂಗಳವಾರ ಹನ್ನೊಂದು ಗಂಟೆಕ್ಕ ಹೊಂಟೈತಿ. ನೀ ಎಲ್ಲಿದ್ದಿ ಆವಾಗ?”

“ಘೋಣಸಗ್ಯಾಗ.”

“ಹಂಗಾರ ಹೆಸರು ನಿಂದು, ಕೈ ನಿಂದಲ್ಲ,” ಎಂದರು. “ಯಾರ ಕೈ ಅಂತ ಇದು ಹೇಳಂಗಿಲ್ಲ. ಅದನ್ನ ನೀ ಮನಿಗೆ ಹೋಗಿ ಕೇಳಬೇಕು.”

ಪ್ರವೇಶದ ದಿನಗಳಲ್ಲಿ ಮನೆಯಿಂದಲೂ ಕೆಲಸ ಮಾಡುತ್ತಿದ್ದುದರಿಂದ ಆ ಕಂಪ್ಯೂಟರಿನಲ್ಲಿ ನನ್ನ ಪಾಸ್‌ವರ್ಡ್ ಉಳಿದಿತ್ತು. ಸಂಜೆ ಅದೇ ಮನೆಯಲ್ಲಿದ್ದ ಗಂಡನ ಅಣ್ಣನನ್ನು ಕೇಳಿದೆ. ಅವರು ಟಿವಿಯಿಂದ ಕಣ್ಣು ಕೀಳಲಿಲ್ಲ. “ನಾನ ಕಳಿಸೇನಿ. ಮನ್ಯಾಗ ಕೂಸೈತಿ, ಇನ್ನ ನೌಕರಿ ಯಾಕ ನಿನಗ?” ಅಂದರು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಚಿನ್ನಿಗೆ ಊಟ ಹಾಕಿದೆ.

ನನ್ನ ಪಾಲಿನ ಸಿಟ್ಟನ್ನೂ ಸುಜಾತಕ್ಕನೇ ಮಾಡಿದರು. ಸೋರ್ಸಿನ ನಾಲ್ಕು ಹಾಳೆ ಮುದ್ರಿಸಿ, ಕೆಂಪು ಗೆರೆ ಎಳೆದು, ನನ್ನನ್ನು ಪ್ರಾಂಶುಪಾಲರ ಮುಂದೆ ಕರೆದೊಯ್ದರು.

“ಮನೆತನದ ವಿಷಯ ನಮಗ್ಯಾಕ್ರಿ?” ಎಂದರು ಪ್ರಾಂಶುಪಾಲರು.

“ಮನಿತನದ್ದಿದ್ರ ಮನ್ಯಾಗ ಇರತಿತ್ರಿ ಸರ್. ಕಾಗದ ನಮ್ಮ ಆಫೀಸಿಗೆ ಬಂದೈತಿ. ಈಕಿ ಬರದಿಲ್ಲ. ನಾ ಸಹಿ ಮಾಡಿ ಕೊಡತೇನ್ರಿ.”

ಸಹಿ ಮಾಡಿಯೇ ಕೊಟ್ಟರು. ಹತ್ತು ದಿನಕ್ಕೆ ನನ್ನ ಕುರ್ಚಿ ನನಗೆ ಸಿಕ್ಕಿತು. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಹುಡುಕಿದವರೂ ಅವರೇ. ಚಿನ್ನಿ ಶಾಲೆಗೆ ಅಲ್ಲಿಂದಲೇ ಹೋಗತೊಡಗಿದಳು.

ನಿವೃತ್ತಿಯ ನಂತರ ಅವರು ಬಬಲೇಶ್ವರದ ತಂಗಿಯ ಮನೆ ಸೇರಿದರು. ಹೊಟ್ಟೆಯ ಬೇನೆ ಬಲಿತಿತ್ತು. ಒಂದು ಭಾನುವಾರ ಹೋದಾಗ ಗೋಡೆಗೊರಗಿ ಕೂತಿದ್ದರು. ಕೈ ಕಡ್ಡಿಯಾಗಿತ್ತು.

“ನಿನ್ನ ಗಂಡ ಹೆಂಗಿದ್ದ ಬೇ? ನೀ ಒಮ್ಮೆನೂ ಹೇಳಿಲ್ಲಲ್ಲ,” ಎಂದರು.

ಹೇಳಿದೆ. ಬೂಟು ಹಾಕಿಕೊಳ್ಳುವಾಗ ಸಿಳ್ಳೆ ಹಾಕುತ್ತಿದ್ದದ್ದು, ರೊಟ್ಟಿಗಿಂತ ಮೊದಲು ಶೇಂಗಾ ಹಿಂಡಿ ಖಾಲಿ ಮಾಡುತ್ತಿದ್ದದ್ದು, ಚಿನ್ನಿ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಂದದ್ದು. ನಾನು ನಿಲ್ಲಿಸಿದಾಗಲೆಲ್ಲ ಅವರು ಕಣ್ಣು ಮುಚ್ಚಿಕೊಂಡೇ “ಆಮ್ಯಾಲ?” ಅನ್ನುತ್ತಿದ್ದರು. ಸಂಜೆಯ ಬಸ್ಸು ಬರುವವರೆಗೂ ಹೇಳಿದೆ.

ಇಪ್ಪತ್ತು ದಿನಗಳ ಮೇಲೆ, ಕಚೇರಿಯ ಊಟದ ಹೊತ್ತಿನಲ್ಲಿ, ಅವರ ತಂಗಿಯ ಫೋನು ಬಂತು. ಅಕ್ಕ ಹೋಗಿ ಮೂರು ದಿನವಾಗಿತ್ತು. “ಹೌದ್ರಿ,” ಎಂದೆ. ಡಬ್ಬಿ ಬಿಚ್ಚಿ ಪೂರ್ತಿ ಉಂಡೆ. ಕೈ ತೊಳೆದು ಬಂದು ಹಾಲ್ ಟಿಕೆಟ್‌ಗಳಿಗೆ ಸೀಲು ಒತ್ತತೊಡಗಿದೆ.

ಎದುರಿನ ಮೇಜಿಗೆ ಹೊಸದಾಗಿ ಬಂದ ಗುಮಾಸ್ತೆ, “ಯಾರದ್ರಿ ಮೇಡಂ ಫೋನು?” ಎಂದು ಕೇಳಿದಳು.

“ನಿನಗಿಂತ ಮೊದಲ ಆ ಕುರ್ಚಿ ಮ್ಯಾಲ ಒಬ್ಬರು ಕುಂಡ್ರತಿದ್ರು,” ಎಂದೆ. ಅಷ್ಟು ಹೇಳಿ ಮುಂದಿನ ಹಾಲ್ ಟಿಕೆಟ್‌ಗೆ ಸೀಲು ಒತ್ತಿದೆ.