ನಾಯಿಯ ಪಾಲು

ದುಗ್ಗಪ್ಪನ ಧೈರ್ಯದ ಕತೆ ಕೊಕ್ಕರ್ಣೆಯಲ್ಲಿ ಕೇಳದವರಿಲ್ಲ. ಹೇಳುವವನು ಅವನೇ ಆದ್ದರಿಂದ ತಪ್ಪಿಸಿಕೊಳ್ಳಲು ಯಾರಿಗೂ ದಾರಿಯಿರಲಿಲ್ಲ. ಗಾಯಗೊಂಡ ಕಾಡುಹಂದಿ ಮೈಮೇಲೆ ಬಂದಾಗ ಉಳಿದವರೆಲ್ಲ ಮರ ಹತ್ತಿದ್ದರಂತೆ, ಇವನೊಬ್ಬ ಕತ್ತಿ ಹಿಡಿದು ನಿಂತಿದ್ದನಂತೆ. ತೊಡೆಯ ಮೇಲಿನ ಕಲೆಯನ್ನು ಕಿಟ್ಟನ ಚಾ ಅಂಗಡಿಯಲ್ಲಿ ಪಂಚೆ ಸರಿಸಿ ತೋರಿಸುತ್ತಿದ್ದ. ಕೂಲಿ ಮಾಡಿ, ಚೂರುಪಾರು ಗದ್ದೆ ಬೆಳೆದು ಮುದುಕನಾದವನಿಗೆ ಮೆರೆಯಲು ಬೇರೇನಿತ್ತು? ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನ ಮಾತಿಗೆ ಕಿವಿ ಕೊಡುತ್ತಿದ್ದದ್ದು ನಾಯಿ ಕರಿಯ ಮಾತ್ರ.

ಕಾಡುಹಂದಿ ಕೊಲ್ಲುವುದು ಅಪರಾಧವೆಂದು ಊರಿಗೆಲ್ಲ ಗೊತ್ತಿತ್ತು. ರಾತ್ರಿ ಉರುಳು ಕಟ್ಟುವವನು ದುಗ್ಗಪ್ಪ ಎಂಬುದೂ ಗೊತ್ತಿತ್ತು. ತೆನೆ ಉಳಿದರೆ ಸಾಕೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಕಳೆದ ವರ್ಷ ಕೊಯ್ಲಿಗೆ ಮುಂಚೆ ದೊಡ್ಡ ಹಂದಿಯೊಂದು ಪಕ್ಕದ ಮನೆಯ ಉಮಾವತಿಯ ಗದ್ದೆಯಲ್ಲಿ ಬಿತ್ತು. ಹಂದಿ ಯಾರ ಗದ್ದೆಯಲ್ಲಿ ಬೀಳುತ್ತದೋ ಅವರ ಮನೆಗೊಂದು ಪಾಲು ಹೋಗಲೇಬೇಕು, ಮಾತು ಬಿಟ್ಟಿದ್ದರೂ ಸರಿ. ಅದಕ್ಕೂ ಮೊದಲು ನಾಯಿಯ ಪಾಲು: ಬಿಸಿ ಆರುವ ಮೊದಲೇ ಹಸಿ ಪುಪ್ಪಸ. ಬೇಯಿಸಿ ಹಾಕಿದರೆ ನಾಯಿಯ ಮೂಗು ಸಾಯುತ್ತದೆ ಎಂದು ದುಗ್ಗಪ್ಪನ ಅಪ್ಪ ಹೇಳುತ್ತಿದ್ದ. ದುಗ್ಗಪ್ಪ ಕೈಯಾರೆ ತಿನ್ನಿಸಿದ.

ಕೆಲವು ದಿನ ಕಳೆದು ಕರಿಯ ಕೆನ್ನೆ ಕೆರೆದುಕೊಳ್ಳಲು ಶುರುಮಾಡಿತು. ಮೊದಲು ಕಾಲಿನಿಂದ, ಆಮೇಲೆ ಅಂಗಳದ ಕಲ್ಲಿಗೆ ಉಜ್ಜಿ. ಮಧ್ಯಾಹ್ನದ ಹೊತ್ತಿಗೆ ಕೆನ್ನೆಯ ಚರ್ಮ ಕಿತ್ತು ಮಾಂಸ ಕಾಣುತ್ತಿತ್ತು. ಆದರೂ ಅದು ನಿಲ್ಲಿಸಲಿಲ್ಲ. ದುಗ್ಗಪ್ಪ ಅದನ್ನು ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿ ಪಶುವೈದ್ಯೆ ಹರ್ಷಾಳ ಬಳಿಗೆ ಒಯ್ದ.

ಹುಚ್ಚುನಾಯಿ ರೋಗದ ಹಾಗೆ ಕಾಣುವುದಿಲ್ಲ ಎಂದು ಅವಳು ಹೇಳಿದಳು. ಹಂದಿಗಳಲ್ಲಿ ಇರುವ ಒಂದು ವೈರಸ್ ಇದೆ, ದೊಡ್ಡ ಹಂದಿಗೆ ಅದರಿಂದ ಅಷ್ಟೇನೂ ತೊಂದರೆಯಾಗುವುದಿಲ್ಲ, ಆದರೆ ಅದರ ಹಸಿ ಮಾಂಸ ತಿಂದ ನಾಯಿ ಬೆಕ್ಕು ಹೀಗೇ ಕೆರೆದುಕೊಂಡು ಸಾಯುತ್ತವೆ, ಔಷಧಿಯಿಲ್ಲ ಎಂದು ವಿವರಿಸಿದಳು.

“ಹಸಿ ಹಂದಿ ಮಾಂಸ ಎಂತಾರೂ ತಿಂದಿತ್ತಾ ದುಗ್ಗಣ್ಣ? ಹೆದ್ರ್‌ಬೇಡಿ, ಹೇಳಿ.”

ಫಾರೆಸ್ಟಿನವರ ಜೀಪು ದುಗ್ಗಪ್ಪನ ಕಣ್ಣಮುಂದೆ ಬಂದು ನಿಂತಿತು. “ಇಲ್ಲೆ, ಎಂತದೂ ತಿನ್ಲಿಲ್ಲೆ” ಎಂದ.

ಹಾಗಿದ್ದರೆ ವಿಷವೂ ಇರಬಹುದು, ಪರೀಕ್ಷೆ ಮಾಡದೆ ಹೇಳಲಾಗದು ಎಂದಳು ಹರ್ಷಾ. ಕರಿಯ ಅವತ್ತೇ ಸತ್ತಿತು. ದುಗ್ಗಪ್ಪ ಅದನ್ನು ಹೂತು, ಚಿಕ್ಕ ಮಕ್ಕಳ ಹಾಗೆ ಅತ್ತ. ಆ ಅಳು ಸುಳ್ಳಲ್ಲ. ಆದರೆ ಸಂಜೆ ಕಿಟ್ಟನ ಅಂಗಡಿಯಲ್ಲಿ, ವೈದ್ಯೆ ಹೇಳಿದ್ದರಲ್ಲಿ ವಿಷವಿರಬಹುದು ಎಂಬ ಮಾತನ್ನು ಮಾತ್ರ ಹೇಳಿದ.

ಅಷ್ಟೇ ಸಾಕಾಯಿತು. ಹಿಂದೊಮ್ಮೆ ಕರಿಯ ಉಮಾವತಿಯ ಕಾವು ಕೂತ ಕೋಳಿಯನ್ನು ಹಿಡಿದಾಗ, ಈ ನಾಯಿಗೆ ವಿಷ ಹಾಕುತ್ತೇನೆ ಎಂದು ಅವಳು ಕೇರಿಗೆಲ್ಲ ಕೇಳುವಂತೆ ಕೂಗಿದ್ದಳು. ನಾಲಿಗೆ ಹರಿತ, ಮನಸ್ಸು ಹಾಗಲ್ಲ ಎಂದು ಗೊತ್ತಿದ್ದವರಿಗೂ ಈಗ ಅದು ಮರೆತುಹೋಯಿತು. ಎರಡು ದನ ಸಾಕಿ ಮನೆಮನೆಗೆ ಹಾಲು ಕೊಟ್ಟು ಬದುಕುವ ಒಂಟಿ ಹೆಂಗಸು ಅವಳು. ನಾಯಿಗೆ ವಿಷ ಹಾಕಿದವಳ ಕೈಯ ಹಾಲನ್ನು ಮಕ್ಕಳಿಗೆ ಕುಡಿಸುವುದುಂಟೇ? ಒಂದೊಂದೇ ಮನೆಯವರು ಬೇಡವೆಂದರು. ಒಂದು ದನವನ್ನು ಮಾರಿದಳು. ದುಗ್ಗಪ್ಪ ಎಲ್ಲವನ್ನೂ ತನ್ನ ಜಗಲಿಯಲ್ಲಿ ಕೂತು ನೋಡಿದ. ಎರಡನೆಯ ದನಕ್ಕೂ ಗಿರಾಕಿ ಬಂದ ದಿನ, ಊಟ ಅರ್ಧಕ್ಕೆ ಬಿಟ್ಟು ಎದ್ದು ಅವಳ ಹಟ್ಟಿಗೆ ಹೋದ.

“ಉಮಾ, ವಿಷ ನೀನ್ ಹಾಕ್ಲಿಲ್ಲೆ ಅಂದ್ ನಂಗ್ ಗೊತ್ತಿತ್ತ್.”

“ನಂಗೂ ಗೊತ್ತಿತ್ತ್” ಎಂದಳು ಅವಳು, ತಲೆಯೆತ್ತದೆ. “ನೀವ್ ಕಳ್ಸಿದ್ ಮಾಂಸ ಕೊಯ್ವಾಗ ಬೆಕ್ಕಿಗೊಂದ್ ತುಂಡ್ ಹಾಕಿದ್ದೆ. ಅದೂ ಮೋರೆ ಪರ್ಚ್ಕಂಡೇ ಸತ್ತದ್.”

“ಮತ್ತೆ ಎಂತಕ್ ಹೇಳ್ಲಿಲ್ಲೆ?”

“ಹೇಳಿರೆ ಫಾರೆಸ್ಟಿನವ್ರ್ ನಿಮ್ಮನ್ ಎಳ್ಕಂಡ್ ಹೋತಿದ್ರ್. ನೀವೇ ಹೇಳ್ತ್ರಿ ಅಂದ್ ಕಾದೆ ದುಗ್ಗಣ್ಣ.”

ಇವತ್ತೇ ಹೇಳುತ್ತೇನೆ ಎಂದು ಮಾತು ಕೊಟ್ಟು ದುಗ್ಗಪ್ಪ ನೇರ ಅಂಗಡಿಗೆ ನಡೆದ. ಬೆಂಚುಗಳು ತುಂಬಿದ್ದವು. ಹೇಳಬೇಕಾದದ್ದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ, ಅವನು ಬಂದ ದಿಕ್ಕನ್ನು ನೋಡಿದ್ದ ಕಿಟ್ಟ ಚಾ ಸೋಸುತ್ತಾ, ಉಮಾವತಿಯ ಹಾಲು ಕುಡಿದು ಜೀವಂತ ಬಂದಿರಲ್ಲ ಎಂದು ಕೆಣಕಿದ. ಎಲ್ಲರೂ ದುಗ್ಗಪ್ಪನ ಮುಖ ನೋಡಿದರು.

“ಅವ್ಳ್ ಹಾಲ್ ಕುಡೂಕೆ ನಂಗೆಂತ ಹುಚ್ಚಾ?” ಎಂದ ದುಗ್ಗಪ್ಪ.

ಬೆಂಚಿನಲ್ಲಿದ್ದವರು ನಕ್ಕು, ಅವನಿಗೆ ಕೂರಲು ಜಾಗ ಮಾಡಿಕೊಟ್ಟರು.