ಅಡ್ಡ ಹೋದ ಬಸ್ಸು

ನನ್ನ ಭಾವ ಬಸ್ ಡ್ರೈವರ್, ಅದೇ ಬಸ್ಸಿಗೆ ನಾನು ಕಂಡಕ್ಟರ್. ಮನೆಯಲ್ಲಿ ಅಕ್ಕನ ಗಂಡ, ರಸ್ತೆಯಲ್ಲಿ ಹಿರಿಯ ಡ್ರೈವರ್. ಎರಡೂ ಕಡೆ ಅವರ ಮಾತು ಕೇಳುವುದು ನನ್ನ ಹಣೆಬರಹ. ಡಿಪೋದಲ್ಲಿ ಅವರ ಅಡ್ಡಹೆಸರು 'ಹದ್ದಿನ ಕಣ್ಣು'. ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿದರೂ ಒಂದು ಕೋಳಿಗೂ ಬಸ್ಸು ತಾಗಿಸಿದವರಲ್ಲ. ಬೆಳಿಗ್ಗೆ ಕನ್ನಡಿಗಳನ್ನು ತಮ್ಮ ಕರವಸ್ತ್ರದಲ್ಲೇ ಒರೆಸುತ್ತಿದ್ದರು. ಅದನ್ನು ಒಗೆಯುವಾಗ ಅಕ್ಕ ನಮ್ಮಿಬ್ಬರನ್ನೂ ಸೇರಿಸಿ ಬಯ್ಯುತ್ತಿದ್ದಳು.

ಅಂಥವರು ಹಾಡಹಗಲಲ್ಲಿ, ಸಿಮೆಂಟ್ ಗೋದಾಮಿನ ತಿರುವಿನಲ್ಲಿ, ಸೈಕಲ್ಲಿನಲ್ಲಿ ಬರುತ್ತಿದ್ದ ಬಡಗಿಯೊಬ್ಬನಿಗೆ ಬಸ್ಸು ತಾಗಿಸಿದರು. ಅವನ ಕಾಲು ಮುರಿಯಿತು. ಅವನು ತೊಟ್ಟಿದ್ದು ಹಳದಿ ಅಂಗಿ. ಭಾವ ಬಸ್ಸು ನಿಲ್ಲಿಸಿ, ಬಲಕ್ಕೆ ಕತ್ತು ಹೊರಳಿಸಿ ನೋಡಿ, ಆಮೇಲೆಯೇ ತಿರುಗಿಸಿದ್ದರು. ಬಡಗಿ ಬರುತ್ತಿದ್ದದ್ದೂ ಆ ಬಲಗಡೆಯಿಂದಲೇ.

ಇಂಥದ್ದಕ್ಕೆಲ್ಲ ಡಿಪೋದಲ್ಲಿ ಒಂದು ಸಿದ್ಧ ವಾಕ್ಯವಿದೆ: 'ಇದ್ದಕ್ಕಿದ್ದಂತೆ ಅಡ್ಡ ಬಂದ.' ನಮ್ಮ ದಾಖಲೆಗಳಲ್ಲಿ ನಾಯಿ ಅಡ್ಡ ಬಂದಿದೆ, ಮುದುಕಿ ಅಡ್ಡ ಬಂದಿದ್ದಾಳೆ, ಒಮ್ಮೆ ಕರೆಂಟ್ ಕಂಬವೂ ಅಡ್ಡ ಬಂದದ್ದುಂಟು. ಬಸ್ಸು ಮಾತ್ರ ಯಾರಿಗೂ ಅಡ್ಡ ಹೋಗಿದ್ದಿಲ್ಲ. ಸಾಕ್ಷಿಯಾಗಿ ನಾನೂ ಅದನ್ನೇ ಬರೆದು ಸಹಿ ಹಾಕಿಬಿಟ್ಟಿದ್ದೆ. ಭಾವನೂ ಹಾಕಿದರೆ ತಪ್ಪು ಬಡಗಿಯ ತಲೆಗೆ ಕಟ್ಟಿ ಫೈಲು ಮುಚ್ಚುತ್ತಾರೆ. ಹಾಕದಿದ್ದರೆ ಅವರ ಕೈಯಿಂದ ಸ್ಟೀರಿಂಗ್ ಹೋಗುತ್ತದೆ. ಸುಮ್ಮನೆ ಸಹಿ ಹಾಕಿ ಬನ್ನಿ ಎಂದು ಅಕ್ಕ ಅನ್ನ ಬಡಿಸುತ್ತಲೇ ಅತ್ತಳು.

ವಿಚಾರಣೆಯ ದಿನ ಭಾವ ಪೆನ್ನು ಮುಟ್ಟಲಿಲ್ಲ.

"ಅವನು ಅಡ್ಡ ಬರ್ಲಿಲ್ಲ ಸಾರ್. ಅವನ ಪಾಡಿಗೆ ನೇರವಾಗಿ ಬರ್ತಿದ್ದ. ನಾನೇ ಅವನಿಗೆ ಅಡ್ಡ ಹೋದೆ."

ಹಾಗಾದರೆ ನೋಡದೇ ತಿರುಗಿಸಿದಿರಾ ಎಂದರು ವಿಚಾರಣೆಗೆ ಕೂತಿದ್ದ ಡಿಪೋ ಸಾಹೇಬರು. ನೋಡಿದ್ದೆ, ಆದರೆ ಕಾಣಲಿಲ್ಲ ಎಂದರು ಭಾವ. ಎರಡರಲ್ಲಿ ಒಂದು ಹೇಳಿ ಎಂದು ರೇಗಿದ ಸಾಹೇಬರು ಚಹಾದ ಲೋಟಕ್ಕೆ ಕೈ ಚಾಚಿದರು. ಲೋಟ ಇರಲಿಲ್ಲ. ಯಾರು ತೆಗೆದರು ಎಂದು, ಸಾಕ್ಷಿಯಾಗಿ ಪಕ್ಕದಲ್ಲಿ ನಿಂತಿದ್ದ ನನ್ನನ್ನು ದುರುಗುಟ್ಟಿ ನೋಡಿದರು, ನಾನೇ ನುಂಗಿದವನ ಹಾಗೆ.

"ಅಟೆಂಡರ್ ಈಗ್ತಾನೆ ನಿಮ್ಮ ಕಣ್ಣೆದುರಿಗೇ ತಗೊಂಡು ಹೋದ್ರು ಸಾರ್," ಭಾವ ಹೇಳಿದರು. "ನಿಮ್ಮ ಗಮನ ನನ್ನ ಸಹಿ ಮೇಲಿತ್ತು. ಅವತ್ತು ನನ್ನ ಗಮನ ಲಾರಿ ಮೇಲಿತ್ತು. ಆ ತಿರುವಲ್ಲಿ ಇಷ್ಟು ವರ್ಷವೂ ಲಾರಿನೇ ಹುಡುಕಿದ್ದೀನಿ. ಲಾರಿ ಇಲ್ಲ ಅಂದ ತಕ್ಷಣ ರಸ್ತೆ ಖಾಲಿ ಅಂತ ಮನಸ್ಸು ತೀರ್ಮಾನ ಮಾಡ್ಬಿಡ್ತು. ಹುಡುಕದೇ ಇರೋದು ಎದುರಿಗಿದ್ರೂ ಕಾಣಲ್ಲ. ಇದನ್ನೇ ಬರ್ಕೊಳ್ಳಿ."

ಬರೆದುಕೊಂಡರೆ ಸ್ಟೀರಿಂಗ್ ಹೋಗುತ್ತದೆ ಎಂದು ಸಾಹೇಬರು ಎಚ್ಚರಿಸಿದರು. ಹೋಗಲಿ ಎಂದ ಭಾವ, ಪೂರ್ತಿ ಬರೆಸುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಅಕ್ಕನ ಮುಖವನ್ನಾದರೂ ನೋಡಬೇಕಿತ್ತು, ಈ ಹಟ ಯಾರನ್ನು ಉದ್ಧಾರ ಮಾಡುತ್ತದೆ ಎಂದು ಕೂಗಾಡಿದೆ. ಭಾವ ಸಿಟ್ಟಾಗಲಿಲ್ಲ.

"ನೀನೂ ಮುಂದೆನೇ ನಿಂತು ರಸ್ತೆ ನೋಡ್ತಿದ್ದೆ. ನಿನಗೆ ಕಂಡ್ನಾ?"

ಕಂಡಿರಲಿಲ್ಲ. ಸದ್ದು ಕೇಳಿದ ಮೇಲೆಯೇ ನಾನು ಆ ಹಳದಿ ಅಂಗಿ ನೋಡಿದ್ದು.

"ಕಾಣದೇ ಇದ್ದೋನು ಅಡ್ಡ ಬಂದ ಅಂತ ಹೇಗೆ ಬರೆದೆ?"

ತಿರುಗಿ ಒಳಗೆ ಹೋಗಿ ನನ್ನ ಹೇಳಿಕೆ ಕೊಡಿ ಎಂದೆ. ಬರೆದದ್ದನ್ನು ತಿದ್ದುವ ಪದ್ಧತಿ ಇಲ್ಲ ಎಂದರು ಸಾಹೇಬರು. ಇವತ್ತಿನಿಂದ ಇದೆ ಎಂದು, ಹಳೆಯ ವಾಕ್ಯ ಹೊಡೆದುಹಾಕಿ ಕೆಳಗೆ ಹೊಸದು ಬರೆದೆ: 'ಅವನು ಅಡ್ಡ ಬಂದದ್ದನ್ನು ನಾನು ನೋಡಿಲ್ಲ.'

ಭಾವ ಈಗ ಟಯರ್ ವಿಭಾಗದಲ್ಲಿದ್ದಾರೆ. ನನ್ನನ್ನು ಯಾರಿಗೂ ಬೇಡದ ರೂಟಿಗೆ ಹಾಕಿದ್ದಾರೆ, ಹಾಕಲಿ. ಬಡಗಿಯ ಮೇಲೆ ತಪ್ಪು ಹೊರಿಸಲು ಆಗಲಿಲ್ಲ. ಡಿಪೋದ ಅಷ್ಟೂ ಫೈಲುಗಳಲ್ಲಿ ಮನುಷ್ಯನಿಗೆ ಅಡ್ಡ ಹೋದ ಬಸ್ಸು ಒಂದೇ ಒಂದು. ಅದು ನಮ್ಮದು.