ಮೋಹನಣ್ಣನ ಏಳು ಹೆಜ್ಜೆ

ಧ್ಯಾನ, ಮನಶ್ಶಾಂತಿ ಇವೆಲ್ಲ ನನಗೆ ಮಿಮಿಕ್ರಿಗೆ ಸಿಕ್ಕ ಸರಕು, ಅಷ್ಟೇ. ನಂಬಿಕೆ ಎಳ್ಳಷ್ಟೂ ಇರಲಿಲ್ಲ. ಬಗ್ಗಿ ಬಗ್ಗಿ ಕ್ಷಮೆ ಕೇಳುವ ಮ್ಯಾನೇಜರ್ ತನಾಕಾ ಸಾನ್‌ರನ್ನೂ, ಮೀಟಿಂಗಿನಲ್ಲಿ ಏನೂ ಅರ್ಥವಾಗದೆ ತಲೆಯಾಡಿಸುವ ನನ್ನನ್ನೂ ಒಂದೇ ಉತ್ಸಾಹದಲ್ಲಿ ಅಣಕಿಸುತ್ತಿದ್ದವನು ನಾನು. ಇದನ್ನೂ ಕಥೆ ಕಟ್ಟಿದ್ದಾನೆ ಎಂದು ನಿಮಗೆ ಅನ್ನಿಸಿದರೆ ತಪ್ಪು ನಿಮ್ಮದಲ್ಲ.

ಮೋಹನಣ್ಣ ಯೊಕೊಹಾಮಾದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕು. ನನಗಿಂತ ಹತ್ತು ವರ್ಷ ದೊಡ್ಡವನು. ಅವನಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು ಕೈ ನಡುಗುತ್ತಿತ್ತು. ಚೈನಾಟೌನಿನ ಒಂದು ಮಹಡಿಯ ಮೇಲೆ ಚೀನೀಯರ ದಾವೋ ಪಂಥದ ಪುಟ್ಟ ಗುಡಿಯಿದೆ. ಅಲ್ಲಿನ ಅರ್ಚಕರು, ತೈವಾನಿನ ಮುದುಕ ಲಿನ್ ಸಾನ್, ದೇವರ ಮುಂದೆ ಸಪ್ತರ್ಷಿ ಮಂಡಲದ ಆಕಾರದಲ್ಲಿ ಏಳು ಹೆಜ್ಜೆ ಇಡುವುದನ್ನು ಅವನಿಗೆ ಕಲಿಸಿದ್ದರು. ಇಟ್ಟು ಇಟ್ಟು ಒಳಗೆ ಅಲುಗದ ಒಂದು ಜಾಗ ಮಾಡಿಕೊಳ್ಳಬೇಕಂತೆ. ಮೂರು ವರ್ಷಕ್ಕೆ ಅವನ ನಡುಕ ನಿಂತಿತ್ತು. ನಿಯಮ ಒಂದೇ: ಒಬ್ಬರು ನಡೆಯುವಾಗ ಇನ್ನೊಬ್ಬರು ಆ ಹೆಜ್ಜೆ ತುಳಿಯಬಾರದು.

ಒಂದು ಭಾನುವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋದ.

"ಲೋ, ಅಲ್ಲಾದ್ರೂ ಬಾಯ್ ಮುಚ್ಕೊಂಡಿರು."

"ಬಾಯಿ ಮುಚ್ಕೋತೀನಿ ಅಣ್ಣಾ, ಕೈಕಾಲಿಗೆ ಗ್ಯಾರಂಟಿ ಇಲ್ಲ."

ಲಿನ್ ಸಾನ್ ನೀರು ತರಲು ಕೆಳಗಿಳಿದರು. ಮೋಹನಣ್ಣ ಕಣ್ಣು ಅರೆಮುಚ್ಚಿ ನಡೆಯತೊಡಗಿದ. ಸೋಮವಾರ ಕ್ಯಾಂಟೀನಿನಲ್ಲಿ ಮಾಡಿ ತೋರಿಸಬೇಕಲ್ಲ! ಅವನ ಬೆನ್ನ ಹಿಂದೆಯೇ, ಅವನು ಕಾಲೆತ್ತಿದಲ್ಲೆಲ್ಲ ಕಾಲಿಟ್ಟು, ಅವನಂತೆಯೇ ಕತ್ತು ವಾರೆ ಮಾಡಿ ಹೊರಟೆ.

ಏಳನೆಯ ಹೆಜ್ಜೆಗೆ ನನ್ನೊಳಗಿನ ಗದ್ದಲ ನಿಂತಿತು. ಬೀದಿಯಲ್ಲಿ ಚೆಸ್ಟ್‌ನಟ್ ಮಾರುವವಳ ಕೂಗು ಕೇಳುತ್ತಿತ್ತು. ಅದನ್ನು ಅಣಕಿಸಬೇಕು ಅನ್ನುವವನೇ ಒಳಗಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ತಿರುಗಿದರೆ ಮೋಹನಣ್ಣ ನೆಲದ ಮೇಲೆ ಕೂತಿದ್ದ. ಎರಡೂ ಕೈ ಗಡಗಡ ನಡುಗುತ್ತಿದ್ದವು.

"ಎಲ್ಲಿ ಹೋಯ್ತೋ ಅದು? ಏನ್ ಮಾಡ್ದೆ ನೀನು?"

ಲಿನ್ ಸಾನ್ ಮೇಲೆ ಬಂದು ಇಬ್ಬರನ್ನೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಭಾನುವಾರ ನನ್ನನ್ನು ಮುಂದೆ ನಡೆಸಿ, ಅವನನ್ನು ನನ್ನ ಹಿಂದೆ ನಡೆಸಿ ನೋಡಿದರು. ಅದರ ಮುಂದಿನ ಭಾನುವಾರವೂ. ಏನೂ ಆಗಲಿಲ್ಲ.

ಎರಡು ತಿಂಗಳಿಗೆ ಅವನು ಕೆಲಸ ಬಿಟ್ಟು ಮೈಸೂರಿಗೆ ಹೊರಟ. ಏರ್‌ಪೋರ್ಟಿನ ಕೌಂಟರಿನಲ್ಲಿ ಪಾಸ್‌ಪೋರ್ಟ್ ಅವನ ಕೈಯಿಂದ ಜಾರಿತು. ನಾನು ಎತ್ತಿ ಕೊಟ್ಟೆ. ಅವನು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದ.

"ಹುಷಾರಾಗಿ ನೋಡ್ಕೋ ಕಣೋ. ಮೂರು ವರ್ಷ ಹಿಡೀತು ನಂಗೆ."

ಕಾಯಿಲೆ ತಾನಾಗಿ ಮರುಕಳಿಸಿರಬಹುದು, ನಿನಗೆ ತಪ್ಪಿತಸ್ಥ ಭಾವ ಕಾಡುತ್ತಿದೆ ಎನ್ನುತ್ತಾರೆ ಬಲ್ಲವರು. ಇರಬಹುದು. ಆದರೆ ಅಂಥ ಭಾವ ಇದ್ದವನಿಗೆ ಎದೆ ಒಂದಿಷ್ಟಾದರೂ ಅಲುಗಬೇಡವೇ? ಅವನು ಒಳಗೆ ಹೋಗಿ ಮರೆಯಾಗುವವರೆಗೆ, ಅಳು ಬರಲಿ ಎಂದು ಕಾಯುತ್ತ ನಿಂತಿದ್ದೆ. ಒಳಗೆ ಎಲ್ಲವೂ ತಣ್ಣಗಿತ್ತು. ಇಂದಿಗೂ ಹಾಗೇ ಇದೆ.